ದೇವರ ಮಾತು ಬಂದಾಗ: ಬೇರೆ ನಂಬಿಕೆಯವರ ಜೊತೆ ಮಾತಾಡುವ ಬಗೆ

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಬೇರೆ ನಂಬಿಕೆಯವರ ಜೊತೆ ಬಾಳುವುದು ಹೊಸದಲ್ಲ. ಕಾಫಿ ಕಣದಲ್ಲಿ, ಆಲೂಗಡ್ಡೆ ಮಂಡಿಯಲ್ಲಿ, ಗ್ಯಾರೇಜಿನಲ್ಲಿ, ಸಂತೆಯಲ್ಲಿ ಯಾರೂ ಯಾರ ದೇವರನ್ನೂ ವಿಚಾರಿಸುವುದಿಲ್ಲ. ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಿ ಮುಯ್ಯಿ ಮಾಡಿ ಬರುತ್ತಾರೆ. ಆದರೆ ದೇವರು, ಧರ್ಮದ ಮಾತು ಎದ್ದರೆ ಮಾತ್ರ ಎಲ್ಲರ ನಾಲಿಗೆಯೂ ತಡವರಿಸುತ್ತದೆ. ಒಂದೋ ತಮಾಷೆ ಮಾಡಿ ಮುಗಿಸುತ್ತೇವೆ, ಇಲ್ಲವೇ ಜಗಳಕ್ಕೆ ಬೀಳುತ್ತೇವೆ, ಬಹಳ ಸಲ ಸುಮ್ಮನಾಗುತ್ತೇವೆ. ಪಕ್ಕದ ಮನೆಯವರ ನಂಬಿಕೆಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ವಾಟ್ಸ್ಯಾಪ್‌ನಲ್ಲಿ ಬಂದದ್ದು, ಅವರ ಬಾಯಿಂದ ಕೇಳಿದ್ದು ಏನೂ ಇಲ್ಲ ಅನ್ನುವ ಸ್ಥಿತಿ ನನಗೆ ನಿಜವಾಗಿಯೂ ಸಂಕಟ ತರುತ್ತದೆ. ಈ ಮಾತುಗಳನ್ನು ಆಡಲು ಕಲಿಯಬಹುದು. ಅದಕ್ಕೆ ಪಾಂಡಿತ್ಯ ಬೇಕಿಲ್ಲ, ಸ್ವಲ್ಪ ತಯಾರಿ ಸಾಕು.

ಮೊದಲ ಹೆಜ್ಜೆ: ಯಾಕೆ ಮಾತಾಡುತ್ತಿದ್ದೀರಿ ಅಂತ ನಿಮಗೇ ಗೊತ್ತಿರಲಿ

ತಿಳಿದುಕೊಳ್ಳಲು ಕೇಳುತ್ತಿದ್ದೀರಾ? ಏನಾದರೂ ತೀರ್ಮಾನ ಆಗಬೇಕಾಗಿದೆಯಾ? ಅಥವಾ ಸೋಲಿಸಬೇಕು ಅನ್ನಿಸುತ್ತಿದೆಯಾ? ಮೂರನೆಯದಾದರೆ ಆ ದಿನ ಮಾತು ಬೇಡ. ಟಿವಿ ಚರ್ಚೆ ನೋಡಿ ಎದ್ದು ಬಂದ ಅರ್ಧ ಗಂಟೆಯಲ್ಲಿ ಯಾರ ಜೊತೆಗೂ ಧರ್ಮದ ವಿಷಯ ಎತ್ತಬೇಡಿ.

ಎರಡನೆಯದು: ಎದುರಿಗಿರುವ ಒಬ್ಬರ ಜೊತೆ ಮಾತ್ರ ಮಾತಾಡಿ

"ನಿಮ್ಮೋರು ಯಾಕೆ ಹಿಂಗೆ?" ಅಂತ ಶುರುವಾದ ಮಾತು ಎಂದೂ ನೆಟ್ಟಗೆ ಸಾಗಿದ್ದನ್ನು ನಾನು ಕಂಡಿಲ್ಲ. ಎದುರಿಗಿರುವವರು ತಮ್ಮ ಜನರೆಲ್ಲರ ವಕೀಲರಾಗಬೇಕಾಗುತ್ತದೆ. ಎಲ್ಲೋ ದೂರದ ಊರಿನಲ್ಲಿ ಯಾರೋ ಮಾಡಿದ್ದಕ್ಕೆ ಅರಸೀಕೆರೆಯ ಟೈಲರ್ ಏನು ಉತ್ತರ ಕೊಡಬೇಕು?

ಇನ್ನೊಂದು ವಿಷಯವೂ ಇದೆ. ಒಂದು ಧರ್ಮದೊಳಗೇ ಎಷ್ಟು ಬಗೆ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಹಾಸನ ಪೇಟೆಯಲ್ಲಿ ಮನೆಯಲ್ಲಿ ಉರ್ದು ಆಡುವ ಮುಸ್ಲಿಮರಿದ್ದಾರೆ, ಸಕಲೇಶಪುರ, ಮೂಡಿಗೆರೆ ಕಡೆ ಬ್ಯಾರಿ ಆಡುವವರಿದ್ದಾರೆ. ದರ್ಗಾಕ್ಕೆ ಹರಕೆ ಹೊರುವವರಿದ್ದಾರೆ, ಅದು ತಪ್ಪು ಅನ್ನುವವರೂ ಅವರಲ್ಲೇ ಇದ್ದಾರೆ. ಕ್ರೈಸ್ತರಲ್ಲಿ ಕಥೋಲಿಕರು, ಪ್ರೊಟೆಸ್ಟೆಂಟರು, ಕೇರಳದಿಂದ ಬಂದು ನರಸಿಂಹರಾಜಪುರದ ಕಡೆ ನೆಲೆಸಿದ ಸಿರಿಯನ್ ಕ್ರೈಸ್ತರು, ಇವರ ಆರಾಧನೆಯ ಕ್ರಮ ಒಂದೇ ಥರ ಇಲ್ಲ. ಇನ್ನು ಹಿಂದೂಗಳ ವಿಷಯ ಹೇಳುವುದೇ ಬೇಡ. ಶೃಂಗೇರಿ ಮಠಕ್ಕೆ ನಡೆದುಕೊಳ್ಳುವ ಮನೆಯ ಪದ್ಧತಿಗೂ ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ನಡೆದುಕೊಳ್ಳುವ ಮನೆಯ ಪದ್ಧತಿಗೂ ಊರ ಅಮ್ಮನಿಗೆ ಮರಿ ಕಡಿಯುವ ಮನೆಯ ಪದ್ಧತಿಗೂ ಬಹಳ ವ್ಯತ್ಯಾಸ. ಆದ್ದರಿಂದ "ಮುಸ್ಲಿಮರಲ್ಲಿ ಹೇಗೆ?" ಅನ್ನುವುದಕ್ಕಿಂತ "ನಿಮ್ಮ ಮನೇಲಿ ಹೇಗೆ ಮಾಡ್ತೀರಿ?" ಅನ್ನುವುದು ಒಳ್ಳೆಯದು.

ಕರೆಯುವುದರಲ್ಲೂ ನಿಗಾ ಬೇಕು. ಹಿರಿಯರಿಗೆ ಅಣ್ಣ, ಅಕ್ಕ, ಅಮ್ಮ ಅಂದರೆ ಯಾವ ಧರ್ಮದವರೂ ಬೇಡ ಅನ್ನುವುದಿಲ್ಲ. ಭಾಯ್, ಚಾಚಾ ರೂಢಿಯಲ್ಲಿದ್ದರೆ ಹಾಗೇ ಕರೆಯಿರಿ. ಪಾದ್ರಿಗಳಿಗೆ ಫಾದರ್, ಕನ್ಯಾಸ್ತ್ರೀಯರಿಗೆ ಸಿಸ್ಟರ್. ಎದುರಿಗೆ ಇಲ್ಲದಾಗ ಹೇಗೆ ಕರೆಯುತ್ತೀರಿ ಅನ್ನುವುದೂ ಇಲ್ಲಿ ಬರುತ್ತದೆ. ಹಿಂದಿನಿಂದ ಏಕವಚನದಲ್ಲಿ, ಜಾತಿ ಹೆಸರಿನಲ್ಲಿ ಕರೆಯುವ ಬಾಯಿ ಒಂದಲ್ಲ ಒಂದು ದಿನ ಮುಂದೆಯೂ ಹಾಗೇ ಕರೆಯುತ್ತದೆ.

ಮೂರನೆಯದು: "ಯಾಕೆ"ಗಿಂತ ಮುಂಚೆ "ಹೇಗೆ", "ಯಾವಾಗ"

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ರಂಜಾನ್ ತಿಂಗಳಿನ ಉದಾಹರಣೆ ತೆಗೆದುಕೊಳ್ಳಿ. ಇಸ್ಲಾಮಿನ ವರ್ಷ ಚಂದ್ರನ ಲೆಕ್ಕದ್ದು, ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಕಡಿಮೆ. ಹಾಗಾಗಿ ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತಾ ಬರುತ್ತದೆ. ಈಗಿನ ವರ್ಷಗಳಲ್ಲಿ ಅದು ಫೆಬ್ರವರಿ, ಮಾರ್ಚ್ ಹೊತ್ತಿಗೆ ಬೀಳುತ್ತಿದೆ. ತೋಟಗಳಲ್ಲಿ ಆಗ ರೋಬಸ್ಟಾ ಕೊಯ್ಲಿನ ಕೊನೆ, ಬಿಸಿಲು ಏರುವ ಕಾಲ.

ಕಣದಲ್ಲಿ ಮಧ್ಯಾಹ್ನದ ಟೀ ಬಂದಿದೆ. ಪಿಕಪ್ ತಂದ ಡ್ರೈವರ್ ಲೋಟ ಮುಟ್ಟುವುದಿಲ್ಲ. ತೋಟದ ರೈಟರ್ ಕೇಳುತ್ತಾರೆ: "ಏನ್ ಭಾಯ್, ನೀರೂ ಕುಡಿಯಂಗಿಲ್ವಾ? ಯಾಕ್ ಹಿಂಗೆ ಮೈ ದಂಡಿಸ್ತೀರಿ?" ಕೇಳಿದ್ದು ಕಾಳಜಿಯಿಂದಲೇ. ಆದರೂ ಡ್ರೈವರ್ "ಅಭ್ಯಾಸ ಸಾರ್" ಅಂತ ನಕ್ಕು ಆಚೆ ಹೋಗುತ್ತಾರೆ. ಆ ಪ್ರಶ್ನೆ ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗಾಯಿತು.

ಅದೇ ರೈಟರ್ ಹೀಗೆ ಕೇಳಲಿ: "ಭಾಯ್, ಉಪವಾಸ ಅಲ್ವಾ. ಸಂಜೆ ಎಷ್ಟು ಗಂಟೆಗೆ ಬಿಡ್ತೀರಿ? ಲೋಡ್ ಬೇಗ ಹಾಕಿಸ್ಲಾ?"

"ಆರೂವರೆ ಹತ್ತಿರ ಆಗುತ್ತೆ ಸಾರ್. ಐದು ಗಂಟೆಗೆ ಇಲ್ಲಿಂದ ಹೊರಟ್ರೆ ಮನೇಲೇ ಬಿಡ್ಬಹುದು. ಇಲ್ಲಾಂದ್ರೆ ದಾರೀಲಿ ಗಾಡಿ ನಿಲ್ಸಿ ಒಂದು ಖರ್ಜೂರ ಬಾಯಿಗೆ ಹಾಕ್ಕೊಳ್ಳೋದು."

"ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ?"

"ನಾಲ್ಕೂವರೆ. ನಮ್ಮಮ್ಮ ನಾಲ್ಕಕ್ಕೇ ಎದ್ದು ರೊಟ್ಟಿ ತಟ್ತಾಳೆ. ಶುಗರ್ ಇದೆ, ಡಾಕ್ಟ್ರು ಉಪವಾಸ ಬೇಡ ಅಂದವ್ರೆ. ಅಮ್ಮಂಗೆ ಅದೇ ಬೇಜಾರು."

ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ಬಸುರಿ ಬಾಣಂತಿಯರಿಗೆ ಉಪವಾಸದಿಂದ ವಿನಾಯಿತಿ ಇದೆ ಅನ್ನುವುದು ರೈಟರಿಗೆ ಗೊತ್ತಾಗುವುದು ಇಂಥ ಮಾತಿನಿಂದ. "ಯಾಕೆ" ಅನ್ನುವುದಕ್ಕೆ ಉತ್ತರವೂ ತಾನಾಗಿ ಬರುತ್ತದೆ, ಒಂದೆರಡು ವಾರ ಬಿಟ್ಟು, ಅವರಿಗೆ ಹೇಳಬೇಕು ಅನ್ನಿಸಿದಾಗ. ಅಷ್ಟು ಕಾಯಿರಿ. ಕೇಳಿದ ಮೇಲೆ ಲೋಡನ್ನು ನಿಜವಾಗಿಯೂ ಬೇಗ ಹಾಕಿಸಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಕಷ್ಟದ ಪ್ರಶ್ನೆಗಳಿಗೂ ಇದೇ ದಾರಿ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನದಿಂದ, ಅಂದರೆ ಅನ್ನ ನೀರು ಬಿಡುತ್ತಾ ಬಂದು ಸಾವನ್ನು ಬರಮಾಡಿಕೊಳ್ಳುವ ಜೈನ ವ್ರತದಿಂದ, ದೇಹ ಬಿಟ್ಟವರ ಶಾಸನಗಳು ಬಹಳ ಇವೆ. ಜೈನ ಗೆಳೆಯರನ್ನು ಅಲ್ಲಿ ನಿಲ್ಲಿಸಿಕೊಂಡು "ಇದು ಆತ್ಮಹತ್ಯೆ ಅಲ್ವಾ?" ಅಂತ ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಕೇಳಲೇಬಾರದ ಪ್ರಶ್ನೆ ಅಂತ ನಾನು ಹೇಳುವುದಿಲ್ಲ. "ಇದನ್ನು ಯಾರು ಕೈಗೊಳ್ಳಬಹುದು? ಗುರುಗಳ ಒಪ್ಪಿಗೆ ಬೇಕಾ? ನಿಮ್ಮ ಬಳಗದಲ್ಲಿ ಯಾರಾದರೂ ಮಾಡಿದ್ದಾರಾ?" ಅಂತ ಕೇಳಿದರೆ ಅವರು ತಮ್ಮ ಅಜ್ಜಿಯ ಕೊನೆಯ ದಿನಗಳ ಬಗ್ಗೆ ಹೇಳಬಹುದು. ಆಮೇಲೂ ನಿಮ್ಮ ಅಭಿಪ್ರಾಯ ಬದಲಾಗದೇ ಇರಬಹುದು, ಆದರೆ ಅದು ಕೇಳಿಸಿಕೊಂಡ ಮೇಲಿನ ಅಭಿಪ್ರಾಯ. ಹಾಗೆಯೇ, 58 ಅಡಿಯ ಗೊಮ್ಮಟನ ಮುಂದೆ, ದಿಗಂಬರ ಮುನಿಗಳು ನಡೆದು ಬರುವ ದಾರಿಯಲ್ಲಿ ಬತ್ತಲೆ ಬಗ್ಗೆ ತಮಾಷೆ ಮಾಡುವ ಹುಡುಗರನ್ನು ಜೊತೆಗಿರುವ ದೊಡ್ಡವರು ಅಲ್ಲೇ ಸುಮ್ಮನಿರಿಸಬೇಕು. ಜೈನರ ಪಾಲಿಗೆ ಅದು ಎಲ್ಲವನ್ನೂ ಬಿಟ್ಟವರ ರೂಪ.

ನಾಲ್ಕನೆಯದು: "ಎಲ್ಲಾ ದೇವ್ರೂ ಒಂದೇ ಬಿಡಿ" ಅನ್ನಲು ಅವಸರ ಬೇಡ

ಈ ಮಾತು ಬಹಳ ಜನಕ್ಕೆ ಗೌರವದ ಮಾತಾಗಿ ಕಾಣುತ್ತದೆ. ಆಡುವವರ ಮನಸ್ಸೂ ಒಳ್ಳೆಯದೇ. ಬೇಲೂರಿನ ಶಾಸನದಲ್ಲಿರುವ ಶ್ಲೋಕ ನಮ್ಮಲ್ಲಿ ಹಲವರಿಗೆ ಬಾಯಿಪಾಠ: ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹನ್ ಎಂದು ಯಾರನ್ನು ಪೂಜಿಸುತ್ತಾರೋ ಆ ಕೇಶವನು ನಿಮಗೆ ಬೇಡಿದ್ದನ್ನು ಕೊಡಲಿ ಅನ್ನುತ್ತದೆ ಅದು. ಕೇಶವನ ಭಕ್ತರ ಬಾಯಲ್ಲಿ ಅದು ದೊಡ್ಡ ಮನಸ್ಸಿನ ಪ್ರಾರ್ಥನೆ. ಆದರೆ ಜೈನರ ನಂಬಿಕೆಯಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ, ತೀರ್ಥಂಕರರು ವರ ಕೊಡುವವರಲ್ಲ. ಅಲ್ಲಾಹನಿಗೆ ಸಮಾನರಿಲ್ಲ ಅನ್ನುವುದೇ ಮುಸ್ಲಿಮರ ನಂಬಿಕೆಯ ಬುಡ. ಅವರಿಗೆ ನಾವು "ಎಲ್ಲಾ ಒಂದೇ" ಅಂದರೆ "ನೀವು ನಂಬಿದ್ದು ನನಗೆ ಲೆಕ್ಕಕ್ಕಿಲ್ಲ" ಅಂತಲೂ ಕೇಳಿಸಬಹುದು.

"ಇದರಲ್ಲಿ ನಮ್ಮದು ನಿಮ್ಮದು ಬೇರೆ, ಅಲ್ವಾ?" ಅಂತ ಒಪ್ಪಿಕೊಂಡು ಮುಂದುವರಿಯುವುದು ಹೆಚ್ಚು ಗಟ್ಟಿ. ಹೊಯ್ಸಳ ರಾಜ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ. ಅವನ ರಾಣಿ ಶಾಂತಲೆ ಜೈನಳು, ಕೆಲವೇ ವರ್ಷಗಳಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಒಂದೇ ಅರಮನೆಯಲ್ಲಿ ಎರಡು ನಂಬಿಕೆಗಳು ಬೇರೆಯಾಗಿಯೇ ಉಳಿದವು.

ಐದನೆಯದು: ತಟ್ಟೆಯ ವಿಷಯ ಮುಂಚೆಯೇ ಕೇಳಿ

ಊಟಕ್ಕೆ ಕರೆಯುವಾಗ "ನಿಮಗೆ ಏನು ಆಗುತ್ತೆ, ಏನು ಆಗಲ್ಲ?" ಅಂತ ಫೋನಿನಲ್ಲೇ ಕೇಳಿಬಿಡಿ. ಕಟ್ಟುನಿಟ್ಟಾಗಿ ನಡೆದುಕೊಳ್ಳುವ ಜೈನರು ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ತರಕಾರಿ ತಿನ್ನುವುದಿಲ್ಲ. ಹಾಸನದ ಆಲೂಗಡ್ಡೆಯೂ ಅದರಲ್ಲಿ ಸೇರಿತು. ಹೊತ್ತು ಮುಳುಗಿದ ಮೇಲೆ ಊಟವೇ ಮಾಡದವರೂ ಇದ್ದಾರೆ. ಮುಸ್ಲಿಮರಿಗೆ ಹಲಾಲ್ ಆಗಿರದ ಮಾಂಸ ಆಗುವುದಿಲ್ಲ, ಮಲೆನಾಡಿನ ಹಂದಿ ಅಡುಗೆ ಇರುವ ಪಂಕ್ತಿಯಲ್ಲಿ ಅವರನ್ನು ಕೂರಿಸುವುದು ಸರಿಯಲ್ಲ. ಸಸ್ಯಾಹಾರಿ ನೆಂಟರಿಗೆ, ಗೆಳೆಯರಿಗೆ ಅಂತ ಬೇರೆ ಭಟ್ಟರನ್ನು ಕರೆಸಿ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿಸುವುದನ್ನು ನಮ್ಮ ಕಡೆಯ ಎಷ್ಟೋ ಮುಸ್ಲಿಂ ಮದುವೆಗಳಲ್ಲಿ ನೋಡಿದ್ದೇವೆ. ಅದಕ್ಕೆ ಸಾಟಿಯಾದ ಕಾಳಜಿ ನಮ್ಮಿಂದಲೂ ಬರಲಿ.

ಪ್ರಸಾದ ಸ್ವಲ್ಪ ಸೂಕ್ಷ್ಮ. ಮುಸ್ಲಿಮರಲ್ಲಿ, ಕ್ರೈಸ್ತರಲ್ಲಿ ಕೆಲವರು ಸಂತೋಷವಾಗಿ ತಗೊಳ್ಳುತ್ತಾರೆ, ಕೆಲವರು ಬೇರೆ ದೇವರಿಗೆ ಅರ್ಪಿಸಿದ್ದು ಅಂತ ತಿನ್ನುವುದಿಲ್ಲ. "ಧರ್ಮಸ್ಥಳದ ಪ್ರಸಾದ, ತಗೊಳ್ತೀರಾ? ಇಲ್ಲಾಂದ್ರೂ ಏನೂ ಅಂದ್ಕೊಳ್ಳಲ್ಲ" ಅಂತ ಹೇಳಿದರೆ ಎದುರಿನವರಿಗೆ ಬೇಡ ಅನ್ನಲು ದಾರಿ ಸಿಗುತ್ತದೆ. ಹಿಂದಿನ ವರ್ಷ ತಗೊಂಡವರು ಈ ವರ್ಷ ಬೇಡ ಅಂದರೂ ಕಾರಣ ಕೆದಕಬೇಡಿ. ಚರ್ಚಿನಲ್ಲಿ ಇದರ ಉಲ್ಟಾ ಆಗುತ್ತದೆ: ಕಥೋಲಿಕ ಗೆಳೆಯರ ಮದುವೆಯ ಬಲಿಪೂಜೆಗೆ (ಮಾಸ್) ಹೋದಾಗ ಎಲ್ಲರೂ ಸಾಲಾಗಿ ಎದ್ದರು ಅಂತ ನೀವೂ ಎದ್ದು ಹೋಗಿ ಪರಮಪ್ರಸಾದಕ್ಕೆ, ಅಂದರೆ ಪಾದ್ರಿಗಳು ಕೊಡುವ ಪವಿತ್ರ ರೊಟ್ಟಿಗೆ, ಕೈ ಒಡ್ಡಬಾರದು. ಅದು ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ ಮಾತ್ರ. ಕೂತಲ್ಲೇ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆರನೆಯದು: ಹಬ್ಬವೋ, ದುಃಖವೋ ತಿಳಿದು ಹಾರೈಸಿ

ಶುಭ ಶುಕ್ರವಾರ ಯೇಸುವಿನ ಮರಣದ ದಿನ. "ಹ್ಯಾಪಿ ಗುಡ್ ಫ್ರೈಡೇ" ಅಂತ ಸ್ಟೇಟಸ್ ಹಾಕಬೇಡಿ, ಹಾರೈಕೆ ಈಸ್ಟರ್ ಭಾನುವಾರಕ್ಕೆ ಇರಲಿ. ಮೊಹರಂ ಕೂಡ ಶಿಯಾ ಮುಸ್ಲಿಮರಿಗೆ ಶೋಕದ ಕಾಲ. ನಮ್ಮ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ ಅಂತ ಎಲ್ಲ ಜಾತಿಯವರೂ ಸೇರಿ ಮಾಡುವುದು ಇದೆ, ಅಲ್ಲಿನ ಲೆಕ್ಕ ಬೇರೆ. ಗೊತ್ತಿಲ್ಲದಿದ್ದರೆ "ಇವತ್ತು ನಿಮಗೆ ವಿಶೇಷ ಅಲ್ವಾ, ಮನೇಲಿ ಏನು ಮಾಡ್ತೀರಿ?" ಅನ್ನಿ.

ಸಾವಿನ ಮನೆಯಲ್ಲಿ ಕಡಿಮೆ ಮಾತು. ಮುಸ್ಲಿಮರಲ್ಲಿ ಆದಷ್ಟು ಬೇಗ, ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ದಫನ್ ಆಗುತ್ತದೆ. ಸುದ್ದಿ ಬಂದ ಕೂಡಲೇ ಹೊರಡಿ, ನಾಳೆ ನೋಡೋಣ ಅಂದರೆ ಮುಖ ಸಿಗುವುದಿಲ್ಲ. "ಮುಂದಿನ ಜನ್ಮದಲ್ಲಾದರೂ" ಅನ್ನುವಂಥ ಸಮಾಧಾನ ಪುನರ್ಜನ್ಮ ನಂಬದವರ ಮುಂದೆ ಬೇಡ. "ಸುದ್ದಿ ಕೇಳಿ ಬಹಳ ನೋವಾಯ್ತು" ಅಂದು ಪಕ್ಕದಲ್ಲಿ ಕೂತರೆ ಯಾವ ಮನೆಯಲ್ಲೂ ಸರಿಯೇ.

ಏಳನೆಯದು: ನಂಬುವವರು, ನಂಬದವರು

ನಂಬಿಕೆಯ ಭೇದ ಧರ್ಮ ಧರ್ಮಗಳ ನಡುವೆ ಮಾತ್ರ ಇರುವುದಿಲ್ಲ, ಒಂದೇ ಮನೆಯ ಅಡುಗೆಮನೆಗೂ ಹಜಾರಕ್ಕೂ ನಡುವೆ ಇರುತ್ತದೆ. ಹಾಸನಾಂಬೆ ದೇವಸ್ಥಾನ ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ದೀಪಾವಳಿ ಸುಮಾರಿಗೆ ಕೆಲವು ದಿನ ಮಾತ್ರ ತೆರೆಯುತ್ತದೆ. ಬಾಗಿಲು ಹಾಕುವಾಗ ಹಚ್ಚಿದ ದೀಪ ಮುಂದಿನ ವರ್ಷದವರೆಗೂ ಉರಿಯುತ್ತಿರುತ್ತದೆ, ಹೂವು ಬಾಡಿರುವುದಿಲ್ಲ ಅನ್ನುವುದು ಭಕ್ತರ ನಂಬಿಕೆ. ಕಾಲೇಜಿಗೆ ಹೋಗುವ ಮಗ ಕೇಳುತ್ತಾನೆ: "ಅಮ್ಮ, ಎಣ್ಣೆ ಇಲ್ದೆ ವರ್ಷ ಪೂರ್ತಿ ದೀಪ ಉರಿಯುತ್ತಾ? ನೀನು ನೋಡಿದ್ದೀಯಾ?" ಪ್ರಶ್ನೆ ನ್ಯಾಯವಾದದ್ದೇ. ಬೆಂಕಿಗೆ ಎಣ್ಣೆಯೂ ಗಾಳಿಯೂ ಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ, ಅದನ್ನು ಹೇಳಲು ಅವನಿಗೆ ಹಕ್ಕಿದೆ. ಆದರೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಕಾಲು ಬಾತುಕೊಂಡು ಬಂದ ಅಮ್ಮನನ್ನು ಬಾಗಿಲಲ್ಲೇ ತಡೆದು ಕೇಳುವುದು ಬೇರೆ, ಊಟ ಆದಮೇಲೆ "ನಂಗೆ ನಂಬೋಕಾಗಲ್ಲಮ್ಮ, ನಿಂಗೆ ಅಲ್ಲಿ ನಿಂತಾಗ ಏನನ್ಸುತ್ತೆ?" ಅಂತ ಕೇಳುವುದು ಬೇರೆ. ಅಮ್ಮನೂ "ದೇವ್ರ ವಿಷಯ ಮಾತಾಡಿದ್ರೆ ನಾಲಿಗೆ ಬಿದ್ದೋಗುತ್ತೆ" ಅಂತ ಗದರದೆ, "ದೀಪದ ವಿಷಯ ನಂಗೂ ಗೊತ್ತಿಲ್ಲ ಕಣೋ, ನಾನು ಹೋಗೋದು ಅದಕ್ಕಲ್ಲ" ಅನ್ನಬಹುದು. ನಾಸ್ತಿಕರಿಗೂ ಗೌರವ ಸಲ್ಲಬೇಕು ಅನ್ನುವುದನ್ನು ಆಸ್ತಿಕರು ಹೆಚ್ಚಾಗಿ ಮರೆಯುತ್ತಾರೆ.

ಎಂಟನೆಯದು: ತಕರಾರು ಎದ್ದರೆ ಮಾತನ್ನು ನೆಲಕ್ಕೆ ಇಳಿಸಿ

ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ರಾಜ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲ ಅಂತ ಹೇಳಿದ. ಭಾಷಣಗಳಲ್ಲಿ ಇಷ್ಟನ್ನೇ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಉಳಿದ ಭಾಗ. ಜೈನರು ಹಿಂದಿನಂತೆ ಪಂಚಮಹಾವಾದ್ಯ ನುಡಿಸಬಹುದು, ಕಲಶ ಇಡಬಹುದು. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ಒಂದು ನಾಣ್ಯ) ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರಿಗೆ 20 ಕಾವಲಿನವರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಪಾಳುಬಿದ್ದ ಜಿನಾಲಯಗಳನ್ನು ಸರಿಮಾಡಿಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರದು. ಯಾರ ದೇವರು ದೊಡ್ಡವನು ಅನ್ನುವುದರ ಬಗ್ಗೆ ತೀರ್ಪಿನಲ್ಲಿ ಒಂದು ಮಾತೂ ಇಲ್ಲ.

ಇಂದಿಗೂ ನಡೆಯುವ ದಾರಿ ಅದು. ಮೈಕಿನ ಗಲಾಟೆಯೇ? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಹಾರ್ನ್ ಯಾವ ಕಡೆ ತಿರುಗಿಸಬೇಕು ಅಂತ ಮಾತಾಡಿ. ಗಣಪತಿ ಬಿಡುವ ಮೆರವಣಿಗೆಯೇ? ಯಾವ ರಸ್ತೆ, ಮಸೀದಿ ಮುಂದೆ ಯಾವ ಹೊತ್ತಿಗೆ, ಎರಡೂ ಕಡೆಯಿಂದ ಯಾರು ನಿಂತಿರುತ್ತಾರೆ ಅನ್ನುವುದನ್ನು ಹಿಂದಿನ ವಾರವೇ ಗೊತ್ತುಮಾಡಿ. ಮಾತು ಇತಿಹಾಸಕ್ಕೆ ಜಾರಿದರೆ "ಅದನ್ನ ಆಮೇಲೆ ನೋಡೋಣ, ಶುಕ್ರವಾರದ್ದು ಹೇಳಿ" ಅಂತ ವಾಪಸ್ ಕರೆತನ್ನಿ.

ಬೇಲೂರಿನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವ ರೂಢಿಗೆ ಇತ್ತೀಚಿನ ವರ್ಷಗಳಲ್ಲಿ ಆಕ್ಷೇಪ ಎದ್ದಿದೆ. ಆ ರೂಢಿ ಉಳಿಯಬೇಕು ಅನ್ನುವುದು ನನ್ನ ನಿಲುವು. ಆದರೂ ಬೇಡ ಅನ್ನುವವರ ಜೊತೆ ಕೂತಾಗ "ನಿಮಗೆ ಯಾವುದು ಒಪ್ಪಿಗೆಯಿಲ್ಲ, ಜಾಗವಾ, ಹೊತ್ತಾ, ಪಠಣವೇ ಬೇಡವಾ?" ಅಂತ ಕೇಳಿ ಉತ್ತರ ಪೂರ್ತಿ ಕೇಳಿಸಿಕೊಳ್ಳಬೇಕು. ನಮ್ಮ ಧರ್ಮದವರೇ ಆದ ಭಿನ್ನಮತದವರ ಜೊತೆ ಮಾತಾಡುವುದು ಹೊರಗಿನವರ ಜೊತೆ ಮಾತಾಡುವುದಕ್ಕಿಂತ ಕಷ್ಟ.

ಬಾಬಾಬುಡನ್‌ಗಿರಿಯ ವಿಷಯವೂ ಹಾಗೇ. ಸರ್ಕಾರಿ ದಾಖಲೆಯ ಹೆಸರಿನಲ್ಲೇ ದತ್ತಾತ್ರೇಯ, ಬಾಬಾಬುಡನ್ ಇಬ್ಬರೂ ಇದ್ದಾರೆ. ಹಕ್ಕಿನ ವಿಚಾರ ಕೋರ್ಟು, ಸರ್ಕಾರದ ಮುಂದೆ ವರ್ಷಗಟ್ಟಲೆಯಿಂದ ಇದೆ, ಹೋಟೆಲಿನ ಟೇಬಲ್ ಮೇಲೆ ಅದು ತೀರುವುದಿಲ್ಲ. "ನಿಮ್ಮಜ್ಜಿ ಕಾಲದಲ್ಲಿ ಗಿರಿಗೆ ಹೇಗೆ ಹೋಗ್ತಿದ್ರು, ಯಾವ ಹರಕೆ ಹೊರ್ತಿದ್ರು?" ಅಂತ ಕೇಳಿದರೆ ಮಾತ್ರ ಎರಡೂ ಕಡೆಯವರ ಬಾಯಲ್ಲಿ ಕೇಳುವಂಥ ಕಥೆಗಳಿವೆ.

ಒಂಬತ್ತನೆಯದು: ಫಾರ್ವರ್ಡ್

ಬೇರೆ ಧರ್ಮದ ಬಗ್ಗೆ ಬಂದ ವಿಡಿಯೊವನ್ನು ಮುಂದೆ ಕಳಿಸುವ ಮುಂಚೆ, ಆ ಧರ್ಮದ ನಿಮ್ಮ ಪರಿಚಯದವರ ಎದುರು ಕೂತು ಅದನ್ನು ತೋರಿಸಬಲ್ಲಿರಾ ಅಂತ ಯೋಚಿಸಿ. ಆಗದಿದ್ದರೆ ಅಳಿಸಿ. ಕುಟುಂಬದ ಗುಂಪಿನಲ್ಲಿ ಚಿಕ್ಕಪ್ಪನೋ ಭಾವನೋ ಹಾಕಿದರೆ ಎಲ್ಲರ ಮುಂದೆ ಬೈಯಬೇಡಿ, ಫೋನ್ ಮಾಡಿ ಹೇಳಿ. ಕಾನೂನೂ ಗೊತ್ತಿರಲಿ: ಧಾರ್ಮಿಕ ಭಾವನೆ ಕೆರಳಿಸುವ ದುರುದ್ದೇಶದಿಂದ ಒಂದು ಧರ್ಮವನ್ನು ಅವಮಾನಿಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಅಡಿ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು.

ಹತ್ತನೆಯದು: ಬೇಡ ಅನ್ನುವುದು, ಗೊತ್ತಿಲ್ಲ ಅನ್ನುವುದು

ಯಾರಾದರೂ ತಮ್ಮ ಧರ್ಮದ ಕರಪತ್ರ ಕೊಟ್ಟು ಪ್ರಾರ್ಥನೆಗೆ ಬನ್ನಿ ಅಂದರೆ ಸಿಡುಕಬೇಕಾಗಿಲ್ಲ. ಸಂವಿಧಾನದ 25ನೇ ವಿಧಿ ತಮ್ಮ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ, ಬೇಡ ಅನ್ನುವ ಹಕ್ಕು ನಿಮಗಿದೆ. "ಕರೆದಿದ್ದಕ್ಕೆ ಸಂತೋಷ. ನಾನು ನಮ್ಮ ದಾರೀಲೇ ಇರ್ತೀನಿ, ಮತ್ತೆ ಕೇಳ್ಬೇಡಿ" ಅಂತ ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಸಾಕು. ಅದಾದ ಮೇಲೂ ಬಿಡದಿದ್ದರೆ ಮಾತು ನಿಲ್ಲಿಸಿ ಎದ್ದು ಹೋಗಬಹುದು, ಅದರಲ್ಲಿ ಅಗೌರವವಿಲ್ಲ.

ಕೊನೆಗೆ, ಅವರೂ ನಿಮ್ಮನ್ನು ಕೇಳುತ್ತಾರೆ ಅನ್ನುವುದಕ್ಕೆ ಸಿದ್ಧರಾಗಿರಿ. "ನೀವು ಎಡೆ ಇಡೋದು ಯಾತಕ್ಕೆ?", "ಈ ದಾರ ಯಾಕೆ ಕಟ್ಕೊಂಡಿದ್ದೀರಿ?" ಅಂತ ಕೇಳಿದಾಗ ನಮ್ಮಲ್ಲಿ ಬಹಳ ಜನಕ್ಕೆ ಉತ್ತರ ಗೊತ್ತಿರುವುದಿಲ್ಲ. ಏನೋ ಒಂದು ವೈಜ್ಞಾನಿಕ ಕಾರಣ ಹುಟ್ಟಿಸಿ ಹೇಳಬೇಡಿ. "ನನಗೂ ಗೊತ್ತಿಲ್ಲ, ಮನೇಲಿ ದೊಡ್ಡೋರನ್ನ ಕೇಳಿ ಹೇಳ್ತೀನಿ" ಅನ್ನಿ. ಆಮೇಲೆ ಮರೆಯದೆ ಕೇಳಿ, ಮುಂದಿನ ಸಲ ಸಿಕ್ಕಾಗ ಹೇಳಿ.